ಓದುಗರ ಪ್ರಶ್ನೆಗಳು: ಮಾರ್ಮನ್ ಯುವತಿಯರ ಮಿಷನ್ ಸೇವೆ

ಪ್ರಶ್ನೆ: ಅಮೆರಿಕದ ಯೂಟಾ ರಾಜ್ಯದಲ್ಲಿರುವ ನನ್ನ ಅಕ್ಕನ ಮಗಳ ಸಹಪಾಠಿಯೊಬ್ಬಳು ಹೈಸ್ಕೂಲ್ ಮುಗಿಸಿದ ಕೂಡಲೇ, ಕಾಲೇಜನ್ನು ಮುಂದಕ್ಕೆ ಹಾಕಿ, ಮಾರ್ಮನ್ ಸಭೆಯ ಮಿಷನರಿಯಾಗಿ ಒಂದೂವರೆ ವರ್ಷ ಬೇರೆ ದೇಶಕ್ಕೆ ಹೊರಟಿದ್ದಾಳಂತೆ. ಬಿಳಿ ಶರ್ಟು, ಟೈ ತೊಟ್ಟ ಇಬ್ಬರು ಹುಡುಗರು ಮನೆ ಮನೆ ಬಾಗಿಲು ತಟ್ಟುವ ಚಿತ್ರವನ್ನಷ್ಟೇ ನಾನು ನೋಡಿದ್ದೆ. ಹೆಣ್ಣುಮಕ್ಕಳು ಹೀಗೆ ಹೋಗುವುದು ಹೊಸ ಪದ್ಧತಿಯೇ? (ಓದುಗರು, ಮೈಸೂರು)

ಉತ್ತರ: ಹೋಗುವುದು ಹೊಸದಲ್ಲ. ಇಷ್ಟು ಮಂದಿ, ಇಷ್ಟು ಚಿಕ್ಕ ವಯಸ್ಸಿನಲ್ಲಿ ಹೋಗುತ್ತಿರುವುದು ಹೊಸದು. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಸಂಸ್ಥೆ ತನ್ನನ್ನು ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ ಎಂದು ಕರೆದುಕೊಳ್ಳುತ್ತದೆ; ಈಗ ಅದರ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಮೊದಲ ಆರೇಳು ದಶಕ ಪ್ರಚಾರಕ್ಕೆ ಹೊರಡುತ್ತಿದ್ದವರು ಗಂಡಸರು, ಅದರಲ್ಲೂ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ವರ್ಷಗಟ್ಟಲೆ ಹೊರಗಿರುತ್ತಿದ್ದ ಗೃಹಸ್ಥರು. ಅಪರೂಪಕ್ಕೆ ಹೆಂಡತಿಯೂ ಹೋಗುವುದಿತ್ತು. 1850ರಲ್ಲಿ ಲೂಯಿಸಾ ಬಾರ್ನ್ಸ್ ಪ್ರ್ಯಾಟ್ ಪೆಸಿಫಿಕ್ ಸಾಗರದ ಟುಬುವಾಯ್ ದ್ವೀಪದಲ್ಲಿದ್ದ ಗಂಡನನ್ನು ಸೇರಿಕೊಂಡು ಅಲ್ಲಿನ ಹೆಂಗಸರಿಗೂ ಮಕ್ಕಳಿಗೂ ಪಾಠ ಹೇಳಿದರು.

ಮದುವೆಯಾಗದ ಹೆಣ್ಣುಮಕ್ಕಳನ್ನು ಅಧಿಕೃತ ಮಿಷನರಿಗಳೆಂದು ಕಳಿಸಿದ್ದು 1898ರಲ್ಲಿ. ಯೂಟಾದ ಪ್ರೋವೊ ಪಟ್ಟಣದ ಐನೆಜ್ ನೈಟ್ ಮತ್ತು ಜೆನ್ನಿ ಬ್ರಿಮ್‌ಹಾಲ್ ಎಂಬ ಗೆಳತಿಯರು ಆ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಬಂದಿಳಿದರು. ಅವರನ್ನು ಕಳಿಸಿದ ಕಾರಣವನ್ನು ಗಮನಿಸಬೇಕು. ಬಹುಪತ್ನಿತ್ವವನ್ನು ಕೈಬಿಡುವುದಾಗಿ ಸಭೆ 1890ರಲ್ಲಿ ಪ್ರಕಟಿಸಿತ್ತು. ಆದರೂ ಮಾರ್ಮನ್ ಹೆಂಗಸರೆಂದರೆ ಸೆರೆಯಾಳುಗಳು, ಬಾಯಿ ಬಿಡಲಾರದವರು ಎಂಬ ಕಲ್ಪನೆ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ಗಂಡಸರು ಎಷ್ಟೇ ಭಾಷಣ ಮಾಡಿದರೂ ಆ ಕಲ್ಪನೆ ಹೋಗುವಂತಿರಲಿಲ್ಲ. ಓದಿದ, ಸ್ವಂತ ಅಭಿಪ್ರಾಯವುಳ್ಳ ಇಬ್ಬರು ಯುವತಿಯರು ವೇದಿಕೆಯ ಮೇಲೆ ನಿಂತು ಮಾತಾಡಿದರೆ ಜನ ಕಿವಿಗೊಡುತ್ತಾರೆ ಎಂದು ಅಲ್ಲಿನ ಮಿಷನ್ ಮುಖ್ಯಸ್ಥರೇ ಕೇಂದ್ರಕ್ಕೆ ಬರೆದು ಕೇಳಿಕೊಂಡಿದ್ದರು. ಅಂದರೆ ಮೊದಲ ಬಾಗಿಲು ತೆರೆದದ್ದು ಸಮಾನತೆಯ ವಾದದಿಂದಲ್ಲ, ಸಭೆಗೆ ಅವರ ದನಿ ಬೇಕಾಗಿದ್ದುದರಿಂದ. ಮುಂದಿನ ಇತಿಹಾಸದಲ್ಲೂ ಈ ಎಳೆ ಕಾಣುತ್ತದೆ. ಮಹಾಯುದ್ಧಗಳಿಗೆ ಗಂಡುಮಕ್ಕಳು ಹೋದಾಗ ಮಿಷನರಿಗಳಲ್ಲಿ ಹೆಣ್ಣುಮಕ್ಕಳ ಪಾಲು ಏರಿತು, ಶಾಂತಿಯ ಕಾಲದಲ್ಲಿ ಮತ್ತೆ ಇಳಿಯಿತು.

ಇನ್ನು ವಯಸ್ಸಿನ ವಿಷಯ. ಯುವತಿಯರಿಗೆ 23 ಇದ್ದ ಕನಿಷ್ಠ ವಯಸ್ಸನ್ನು 1964ರಲ್ಲಿ 21ಕ್ಕೆ ಇಳಿಸಲಾಯಿತು, ಆಗ ಯುವಕರಿಗೆ 19. ಈ ಎರಡು ವರ್ಷಗಳ ಅಂತರ ಸಣ್ಣದೆನಿಸಬಹುದು, ಆದರೆ ಬೇಗ ಮದುವೆಯಾಗುವ ರೂಢಿಯಿದ್ದ ಸಮಾಜದಲ್ಲಿ ಅದರ ಪರಿಣಾಮ ದೊಡ್ಡದಾಗಿತ್ತು. 21ರ ಹೊತ್ತಿಗೆ ಎಷ್ಟೋ ಹುಡುಗಿಯರಿಗೆ ಮದುವೆ ನಿಶ್ಚಯವಾಗಿರುತ್ತಿತ್ತು ಅಥವಾ ಪದವಿ ಮುಗಿಯುವ ಹಂತದಲ್ಲಿರುತ್ತಿತ್ತು. ಹಾಗಾಗಿ ಮಿಷನ್‌ಗೆ ಹೊರಟವಳನ್ನು 'ಗಂಡು ಸಿಗಲಿಲ್ಲವೇನೋ' ಎಂಬ ಅನುಕಂಪದಿಂದ ನೋಡುವವರಿದ್ದರು. ತನ್ನ ನಂಬಿಕೆಗಾಗಿ ಮನೆ ಬಿಟ್ಟು ಹೊರಟ ಹುಡುಗಿಗೆ ಇದು ಎಂಥ ಅವಮಾನವೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2012ರ ಅಕ್ಟೋಬರ್ 6ರಂದು ಅಂದಿನ ಅಧ್ಯಕ್ಷ ಥಾಮಸ್ ಮಾನ್ಸನ್ ಅವರು ಮಹಾಸಮ್ಮೇಳನದಲ್ಲಿ ಯುವಕರ ವಯಸ್ಸನ್ನು 18ಕ್ಕೂ ಯುವತಿಯರದ್ದನ್ನು 19ಕ್ಕೂ ಇಳಿಸಿದರು. ವಾರಕ್ಕೆ 700ರಷ್ಟು ಬರುತ್ತಿದ್ದ ಅರ್ಜಿಗಳು 4,000ಕ್ಕೆ ಏರಿದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯುವತಿಯರವು. ಆಗ ಸುಮಾರು 58,000 ಇದ್ದ ಮಿಷನರಿಗಳ ಸಂಖ್ಯೆ ಎರಡೇ ವರ್ಷಗಳಲ್ಲಿ 85,000 ದಾಟಿತು. ಅದರಲ್ಲಿ ಶೇ 15ರ ಆಸುಪಾಸಿನಲ್ಲಿದ್ದ ಯುವತಿಯರ ಪಾಲು ಮುಂದಿನ ವರ್ಷಗಳಲ್ಲಿ ಶೇ 30ರ ಹತ್ತಿರಕ್ಕೆ ಬಂತು. ಹೋಗಬೇಕೆಂಬ ಆಸೆ ಆ ಹೆಣ್ಣುಮಕ್ಕಳಲ್ಲಿ ಮೊದಲೇ ಇತ್ತು, ವಯಸ್ಸಿನ ನಿಯಮ ಅದನ್ನು ತಡೆದು ನಿಲ್ಲಿಸಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2025ರ ನವೆಂಬರ್‌ನಲ್ಲಿ ಉಳಿದಿದ್ದ ಒಂದು ವರ್ಷದ ಅಂತರವನ್ನೂ ತೆಗೆದು, ಯುವತಿಯರೂ 18ಕ್ಕೇ ಹೋಗಬಹುದೆಂದು ಸಭೆ ಪ್ರಕಟಿಸಿತು. ನಿಮ್ಮ ಅಕ್ಕನ ಮಗಳ ಸಹಪಾಠಿ ಹೈಸ್ಕೂಲ್ ಮುಗಿಸಿದೊಡನೆ ಹೊರಡಲು ಸಾಧ್ಯವಾದದ್ದು ಇದರಿಂದಲೇ.

ಪ್ರಶ್ನೆ: ಈ ಯುವತಿಯರು ಜನರಿಗೆ ಧರ್ಮ ಬೋಧಿಸಬಹುದು, ಆದರೆ ದೀಕ್ಷಾಸ್ನಾನ ಕೊಡುವಂತಿಲ್ಲ ಎಂದು ಓದಿದೆ. ಹಾಗಿದ್ದರೆ ಈ ಬದಲಾವಣೆಗಳೆಲ್ಲ ಬರೀ ತೋರಿಕೆಯವಲ್ಲವೇ? (ಓದುಗರು, ಉಡುಪಿ)

ಉತ್ತರ: ನೀವು ಓದಿದ್ದು ನಿಜ. ಈ ಸಭೆಯಲ್ಲಿ ದೀಕ್ಷಾಸ್ನಾನದಂಥ ವಿಧಿಗಳನ್ನು ನಡೆಸುವ ಯಾಜಕತ್ವವೆಂಬ ಅಧಿಕಾರ ವೃತ್ತಿಪರ ಪಾದ್ರಿಗಳಿಗೆ ಸೀಮಿತವಲ್ಲ. ಹನ್ನೊಂದು ಹನ್ನೆರಡರ ವಯಸ್ಸಿನಿಂದಲೇ ಅರ್ಹ ಗಂಡುಮಕ್ಕಳಿಗೆಲ್ಲ ಅದನ್ನು ಹಂತ ಹಂತವಾಗಿ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಮಾತ್ರ ಅದು ಇಲ್ಲ.

ಕಾರ್ಯಕ್ಷೇತ್ರದಲ್ಲಿ ಇದು ಹೇಗೆ ಕಾಣುತ್ತದೆಂದು ನೋಡೋಣ. ಇಬ್ಬರು ಸಿಸ್ಟರ್‌ಗಳು (ಯುವತಿಯರನ್ನು ಹೀಗೆ, ಯುವಕರನ್ನು ಎಲ್ಡರ್ ಎಂದು ಕರೆಯುವುದು ರೂಢಿ) ಒಬ್ಬ ಹೆಂಗಸನ್ನು ಪರಿಚಯಿಸಿಕೊಂಡು, ವಾರಗಟ್ಟಲೆ ಅವಳ ಮನೆಗೆ ಹೋಗಿ, ಪಾಠ ಹೇಳಿ, ಸಂದೇಹ ಕೇಳಿ, ಕಷ್ಟದಲ್ಲಿ ಜೊತೆಗಿದ್ದು ದೀಕ್ಷೆಯವರೆಗೆ ಕರೆತರುತ್ತಾರೆ. ಆ ದಿನ ಬಿಳಿ ಉಡುಪು ತೊಟ್ಟು ಅವಳೊಂದಿಗೆ ನೀರಿಗಿಳಿಯುವವನು ಯಾಜಕತ್ವವಿರುವ ಒಬ್ಬ ಗಂಡಸು, ಹಲವು ಸಲ ಅವರದೇ ವಯಸ್ಸಿನ ಎಲ್ಡರ್. ಇಬ್ಬರು ಸಾಕ್ಷಿಗಳು ಕೊಳದ ಬದಿಯಲ್ಲಿ ನಿಂತು, ಹೇಳಬೇಕಾದ ಮಾತುಗಳನ್ನು ತಪ್ಪಿಲ್ಲದೆ ಹೇಳಲಾಯಿತೇ, ಮೈ ಪೂರ್ತಿಯಾಗಿ ನೀರಿನಲ್ಲಿ ಮುಳುಗಿತೇ ಎಂದು ನೋಡುತ್ತಾರೆ. ಸ್ವಲ್ಪ ಭಾಗ ಮೇಲುಳಿದರೂ ವಿಧಿಯನ್ನು ಮತ್ತೆ ಮಾಡಬೇಕು. 2019ರ ಅಕ್ಟೋಬರ್‌ವರೆಗೆ ಈ ಸಾಕ್ಷಿಗಳೂ ಯಾಜಕತ್ವವುಳ್ಳ ಗಂಡಸರೇ ಆಗಿರಬೇಕಿತ್ತು. ಕೈ ಹಿಡಿದು ಕರೆತಂದ ಯುವತಿಯರು ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಿದ್ದರು. ಈಗ ದೀಕ್ಷೆ ಪಡೆದ ಯಾವ ಸದಸ್ಯೆಯಾದರೂ ಸಾಕ್ಷಿಯಾಗಬಹುದು. ಹೊರಗಿನವರಿಗೆ ಇದು ಚಿಕ್ಕ ತಿದ್ದುಪಡಿ. ಕೊಳದ ಬದಿಯಲ್ಲಿ ನಿಂತವಳಿಗೆ ಹಾಗಿರಲಾರದು.

ಆಡಳಿತದಲ್ಲೂ ಇಂಥದೇ ಅರ್ಧ ಹೆಜ್ಜೆಯಿದೆ. 2013ರಲ್ಲಿ ಸಿಸ್ಟರ್ ಟ್ರೈನಿಂಗ್ ಲೀಡರ್ ಎಂಬ ಹೊಣೆಯನ್ನು ಸೃಷ್ಟಿಸಿ, ಅನುಭವಿ ಯುವತಿಯರು ಇತರ ಯುವತಿಯರ ಬಳಿ ಹೋಗಿ ತರಬೇತಿ ಕೊಡುವ, ಅವರ ಯೋಗಕ್ಷೇಮ ನೋಡುವ ವ್ಯವಸ್ಥೆ ಮಾಡಲಾಯಿತು. ಒಂದು ಪ್ರದೇಶದ ಮಿಷನರಿಗಳ ಮೇಲ್ವಿಚಾರಣೆ ನೋಡುವ ಮಿಷನ್ ಅಧ್ಯಕ್ಷರ ನಾಯಕತ್ವ ಮಂಡಳಿಯಲ್ಲಿ ಈ ಯುವತಿಯರಿಗೂ ಅಧ್ಯಕ್ಷರ ಪತ್ನಿಗೂ ಸ್ಥಾನ ದೊರೆಯಿತು. ಅದಕ್ಕೆ ಮುಂಚೆ ಯುವತಿಯೊಬ್ಬಳಿಗೆ ಆರೋಗ್ಯದ ತೊಂದರೆಯೋ ಜೊತೆಗಾರ್ತಿಯೊಂದಿಗೆ ಮನಸ್ತಾಪವೋ ಆದರೆ, ತನಗಿಂತ ಚಿಕ್ಕವನಾದ ಎಲ್ಡರ್‌ಗೆ ಹೇಳಿಕೊಳ್ಳುವ ಮುಜುಗರವಿತ್ತು. ಆದರೂ ಜಿಲ್ಲೆ, ವಲಯಗಳ ನಾಯಕರು ಇಂದಿಗೂ ಎಲ್ಡರ್‌ಗಳೇ, ಮಿಷನ್ ಅಧ್ಯಕ್ಷರು ಗಂಡಸರೇ.

ತೋರಿಕೆ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಒಂದೂವರೆ ವರ್ಷ ಅಪರಿಚಿತರೊಡನೆ ಮಾತಾಡಿ, ಧರ್ಮಗ್ರಂಥವನ್ನು ದಿನವೂ ಓದಿ, ಬೇರೊಂದು ಭಾಷೆ ಕಲಿತು, ತಿರಸ್ಕಾರವನ್ನೂ ಉಂಡು ಬಂದ ಹುಡುಗಿಯರು ಒಬ್ಬಿಬ್ಬರಲ್ಲ. ಸಾವಿರಾರು ಮಂದಿ ವರ್ಷವರ್ಷವೂ ತಮ್ಮ ಊರಿನ ಸಭೆಗೆ ಮರಳುತ್ತಿದ್ದಾರೆ. ಧರ್ಮಶಾಸ್ತ್ರದ ಪ್ರಶ್ನೆಗೆ ಉತ್ತರಿಸಲು ಅವರಿಗೆ ಅಣ್ಣನೋ ಗಂಡನೋ ಬೇಕಿಲ್ಲ. ಅಧಿಕಾರ ಕೈಬದಲಾಯಿಸಿಲ್ಲ, ತಿಳಿವಳಿಕೆ ಮತ್ತು ಆತ್ಮವಿಶ್ವಾಸ ಕೈಬದಲಾಯಿಸಿವೆ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಸಭೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ವ್ಯತ್ಯಾಸವೂ ಉಳಿದಿದೆ: ಯುವಕರ ಅವಧಿ 24 ತಿಂಗಳು, ಯುವತಿಯರದು 18. ವಯಸ್ಸು ಸಮವಾದ ಮೇಲೆ ಇದಕ್ಕೆ ನನಗೆ ಒಪ್ಪಿತವಾಗುವ ಕಾರಣ ಕಾಣುವುದಿಲ್ಲ.

ಪ್ರಶ್ನೆ: ಇವರು ಕ್ಯಾಥೊಲಿಕ್ ಸನ್ಯಾಸಿನಿಯರಂತೆ ಮದುವೆಯಾಗದೆ ಉಳಿಯುತ್ತಾರೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಇಲ್ಲ. ಸಿಸ್ಟರ್ ಎಂಬ ಹೆಸರೊಂದೇ ಸಮಾನ. ಇಲ್ಲಿ ಆಜೀವ ವ್ರತವಿಲ್ಲ, ಮಠವಿಲ್ಲ. ಅವಧಿಯುದ್ದಕ್ಕೂ ಪ್ರೇಮ ಪ್ರಸಂಗಗಳಿಗೆ ಅವಕಾಶವಿಲ್ಲ, ಮುಗಿದ ಮೇಲೆ ಮದುವೆಯನ್ನು ಸಭೆಯೇ ಬಹುವಾಗಿ ಪ್ರೋತ್ಸಾಹಿಸುತ್ತದೆ. ಯುವಕರಿಗೆ ಮಿಷನ್ ಒಂದು ಕರ್ತವ್ಯ. ಯುವತಿಯರಿಗೆ ಸ್ವಾಗತವಿದೆ, ಕಡ್ಡಾಯವಿಲ್ಲ ಎಂಬುದು ಸಭೆಯ ನಿಲುವು. ಹೋಗದ ಹುಡುಗ ನೆಂಟರಿಷ್ಟರ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ, ಹೋಗದ ಹುಡುಗಿಗೆ ಆ ಕಷ್ಟ ಕಡಿಮೆ. 18ಕ್ಕೆ ಎಲ್ಲರೂ ಹೊರಡುವ ವಾತಾವರಣ ಬೆಳೆದರೆ ಅವಳಿಗಿರುವ ಈ ಸ್ವಾತಂತ್ರ್ಯ ಕರಗಬಹುದೆಂಬ ಆತಂಕ ನನಗಿದೆ.

ಪ್ರಶ್ನೆ: ನಾನು ಇಬ್ಬರು ಹೆಣ್ಣುಮಕ್ಕಳ ತಂದೆ. ಅಷ್ಟು ಚಿಕ್ಕ ವಯಸ್ಸಿನವರನ್ನು ಪರದೇಶಕ್ಕೆ ಕಳಿಸುವಾಗ ಸುರಕ್ಷತೆ, ಖರ್ಚು, ಮನೆಯವರೊಡನೆ ಸಂಪರ್ಕ ಇವೆಲ್ಲ ಹೇಗೆ? (ಓದುಗರು, ಧಾರವಾಡ)

ಉತ್ತರ: ಎಲ್ಲಿಗೆ ಹೋಗಬೇಕೆಂಬುದನ್ನು ಹುಡುಗಿ ಆರಿಸುವಂತಿಲ್ಲ, ಸಭೆಯ ಕರೆಯೋಲೆಯಲ್ಲಿ ಯಾವ ದೇಶ, ಯಾವ ಭಾಷೆ ಬರುತ್ತದೋ ಅದೇ. ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ, ಇಬ್ಬರು ಯುವತಿಯರ ಜೋಡಿ ಹಗಲಿರುಳು ಒಟ್ಟಿಗೇ ಇರಬೇಕೆಂಬ ನಿಯಮ ಕಟ್ಟುನಿಟ್ಟು. ಖರ್ಚು ಮನೆಯವರದು ಅಥವಾ ಹುಡುಗಿಯ ಸ್ವಂತ ಉಳಿತಾಯದ್ದು: ಅಮೆರಿಕದಿಂದ ಹೋಗುವವರು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು, 2020ರ ಜುಲೈನಿಂದ ಅದು 500 ಆಯಿತು. ಸಂಬಳವಿಲ್ಲ.

ಸಂಪರ್ಕದ ವಿಷಯದಲ್ಲಿ ತಂದೆಯಾಗಿ ನಿಮಗೆ ಸಮಾಧಾನವಾಗುವ ಬದಲಾವಣೆಯೊಂದಿದೆ. ಹಿಂದೆ ಕ್ರಿಸ್ಮಸ್ ಮತ್ತು ತಾಯಂದಿರ ದಿನ, ಹೀಗೆ ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಬಹುದಿತ್ತು, ಉಳಿದಂತೆ ಪತ್ರ ಅಥವಾ ಇಮೇಲ್. 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ, ಬಟ್ಟೆ ಒಗೆಯಲು ಸಾಮಾನು ತರಲು ಬಿಡುವಿರುವ ದಿನ, ಫೋನ್ ಅಥವಾ ವಿಡಿಯೊ ಕರೆ ಮಾಡಬಹುದು. 2018ರ ಡಿಸೆಂಬರ್‌ವರೆಗೆ ಯುವತಿಯರು ಸಾಮಾನ್ಯವಾಗಿ ಸ್ಕರ್ಟನ್ನೇ ಧರಿಸಬೇಕಿತ್ತು. ಸೊಳ್ಳೆಯಿಂದ ಹರಡುವ ರೋಗಗಳಿರುವ ಸೀಮೆಯಲ್ಲಿ ತಿರುಗುವವರಿಗೆ, ಚಳಿಯಲ್ಲಿ ಸೈಕಲ್ ತುಳಿಯುವವರಿಗೆ ಅದೆಷ್ಟು ತೊಂದರೆ ಎಂಬುದನ್ನು ಮನಗಂಡು, ಭಾನುವಾರದ ಆರಾಧನೆ ಮತ್ತು ವಿಶೇಷ ವಿಧಿಗಳಿಗೆ ಮೀಸಲಾದ ದೇವಾಲಯದ ಸಂದರ್ಭಗಳನ್ನು ಬಿಟ್ಟು ಪ್ಯಾಂಟ್ ಧರಿಸಲು ಅನುಮತಿ ನೀಡಲಾಯಿತು. ಇಷ್ಟು ಸರಳವಾದ ವಿಷಯಕ್ಕೆ ಇಷ್ಟು ದಶಕ ಹಿಡಿಯಬಾರದಿತ್ತು.

ಪ್ರಶ್ನೆ: ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ? (ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಊರಿನಲ್ಲೇ ಇದೆ. ಸಭೆ 1993ರಲ್ಲಿ ಬೆಂಗಳೂರು ಮಿಷನ್ ಅನ್ನು ಆರಂಭಿಸಿತು. ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ಆರಂಭದ ವಿಧಿಯನ್ನು ನೆರವೇರಿಸಿತು. ಭಾರತೀಯ ಯುವತಿಯರೂ ಇಲ್ಲಿ ಸಿಸ್ಟರ್‌ಗಳಾಗಿ ಸೇವೆ ಮಾಡುತ್ತಾರೆ. ಆದರೆ 18ರ ನಿಯಮ ಯೂಟಾದ ಹುಡುಗಿಗೆ ಒದಗಿದಷ್ಟು ಸುಲಭವಾಗಿ ಇಲ್ಲಿನ ಹುಡುಗಿಗೆ ಒದಗುವುದಿಲ್ಲ. ಪ್ರೋವೊದಲ್ಲಿರುವ ಸಭೆಯದೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಮಿಷನ್‌ಗೆ ಹೋಗುವವರ ಸೀಟನ್ನು ಮುಂದಕ್ಕೆ ಕಾದಿಡುತ್ತದೆ. ನಮ್ಮಲ್ಲಿ 18 ಎಂದರೆ ದ್ವಿತೀಯ ಪಿಯುಸಿ ಮುಗಿದು ಸಿಇಟಿ ಬರೆಯುವ ಹೊತ್ತು. ಈ ವರ್ಷದ ರ‍್ಯಾಂಕ್ ಹಿಡಿದುಕೊಂಡು ಒಂದೂವರೆ ವರ್ಷದ ನಂತರ ಸೀಟು ಕೇಳಲಾಗದು. ಹೆಣ್ಣುಮಗಳ ಓದು ಒಮ್ಮೆ ನಿಂತರೆ ಮತ್ತೆ ಹಿಡಿಯುವುದು ಕಷ್ಟವೆಂಬ ತಂದೆತಾಯಿಯರ ಭಯವೂ ಅದರೊಂದಿಗೆ ಸೇರುತ್ತದೆ. ಆದ್ದರಿಂದ ಇಲ್ಲಿನ ಯುವತಿಯರಿಗೆ ಪದವಿ ಮುಗಿಸಿ 21 ಅಥವಾ 22ಕ್ಕೆ ಹೊರಡುವುದೇ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ. 18 ಕನಿಷ್ಠ ವಯಸ್ಸೇ ಹೊರತು ಕಡೆಯ ಗಡುವಲ್ಲ.