ಕೋರ್ಟ್ ಒಪ್ಪಿದ್ದ ಸಲಿಂಗ ಮದುವೆಯನ್ನು ಕ್ಯಾಲಿಫೋರ್ನಿಯಾದ ಜನ ವೋಟು ಹಾಕಿ ನಿಲ್ಲಿಸಿದ್ದು ಹೇಗೆ?

ಜನ ಬದಲಾಯಿಸಿದ್ದು ರಾಜ್ಯದ ಸಂವಿಧಾನವನ್ನೇ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದ್ದೇ ಸಂವಿಧಾನ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಮತದಾರರ ಸಹಿ ಕೂಡಿಸಿದರೆ ತಿದ್ದುಪಡಿಯನ್ನು ನೇರವಾಗಿ ವೋಟಿಗೆ ಇಡಬಹುದು. ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದರೂ ಸಾಕು, ಪಾಸು.

2008ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇದೇ ಸಂವಿಧಾನ ಓದಿ, ಸಲಿಂಗಿಗಳಿಗೂ ಮದುವೆಯ ಹಕ್ಕಿದೆ ಎಂದಿತ್ತು. ನವೆಂಬರ್ 4ರಂದು 'ಪ್ರೊಪೊಸಿಷನ್ 8' ಎಂಬ ತಿದ್ದುಪಡಿ ಸುಮಾರು ಶೇ. 52 ವೋಟು ಪಡೆದು ಗೆದ್ದಿತು. ಅದರ ತಿರುಳು ಒಂದೇ ಸಾಲು: ಗಂಡು-ಹೆಣ್ಣಿನ ಮದುವೆ ಮಾತ್ರ ಮಾನ್ಯ. ಮತಪತ್ರದಲ್ಲಿ 'ಹೌದು' ಎಂದರೆ ಸಲಿಂಗ ಮದುವೆ ಬೇಡ ಅಂತ ಅರ್ಥ! ತೀರ್ಪಿಗೆ ಆಧಾರವಾಗಿದ್ದ ಸಂವಿಧಾನವೇ ಬದಲಾದ ಮೇಲೆ ಆ ತೀರ್ಪು ನಿಲ್ಲಲಿಲ್ಲ.

ನಡುವಿನ ತಿಂಗಳುಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾಗಿದ್ದವು. ಅವು ಊರ್ಜಿತ ಎಂದು 2009ರಲ್ಲಿ ಕೋರ್ಟ್ ಹೇಳಿತು. ಅಂದರೆ ಅಕ್ಟೋಬರಿನಲ್ಲಿ ಮದುವೆಯಾದವರು ದಂಪತಿ. ಹಣ ಕೂಡಿಸಿಕೊಂಡು ಡಿಸೆಂಬರಿಗೆ ಮದುವೆ ಇಟ್ಟುಕೊಂಡಿದ್ದವರಿಗೆ ಆ ಹಕ್ಕೇ ಇಲ್ಲ. ಎಂಥ ಅನ್ಯಾಯ ಅಲ್ವಾ?

ಚರ್ಚೆ ಬಿಸಿಯಾಗಿದ್ದು ಇಲ್ಲೇ. ಜನ ಹೇಳಿದ ಮೇಲೆ ಮುಗೀತು ಎಂದು ಒಂದು ಕಡೆ ವಾದಿಸಿತು. ಕೆಲವರ ಹಕ್ಕನ್ನು ಉಳಿದವರ ವೋಟಿಗೆ ಬಿಡಬಾರದು ಎಂದು ಇನ್ನೊಂದು ಕಡೆ ಹೇಳಿತು. ನನಗೆ ಎರಡನೆಯದೇ ಸರಿ ಅನಿಸುತ್ತದೆ. ರಾಜ್ಯದ ಸಂವಿಧಾನದ ಮೇಲೆ ದೇಶದ ಸಂವಿಧಾನ ಇರುವುದೂ ಇದಕ್ಕೇ. ಅದರ ಆಧಾರದಲ್ಲೇ 2010ರಲ್ಲಿ ಫೆಡರಲ್ ನ್ಯಾಯಾಧೀಶರು ನಿಷೇಧ ರದ್ದು ಮಾಡಿದರು. ಮೇಲ್ಮನವಿಗಳು ಮುಗಿದು 2013ರಲ್ಲಿ ಮದುವೆಗಳು ಮತ್ತೆ ಶುರುವಾದವು. ಸಂವಿಧಾನದಲ್ಲಿ ಸುಮ್ನೆ ಉಳಿದಿದ್ದ ಆ ಸಾಲನ್ನು 2024ರ ನವೆಂಬರಿನಲ್ಲಿ ಜನರೇ ವೋಟು ಹಾಕಿ ತೆಗೆದರು.