ಪುಣೆಯ ಫ್ಲ್ಯಾಟ್‌ನಲ್ಲಿ ಗೀಸರ್ ತೆಗೆದು ಹೀಟ್ ಪಂಪ್ ಹಾಕಿದರೆ ಕಾರ್ಬನ್ ನಿಜಕ್ಕೂ ಕಡಿಮೆ ಆಗುತ್ತಾ?

ಹೀಟ್ ಪಂಪ್ ಅಂದರೆ ಗಾಳಿಯ ಬಿಸಿಯಿಂದ ನೀರು ಕಾಯಿಸೋ, ಕರೆಂಟಲ್ಲಿ ಓಡೋ ಯಂತ್ರ. ಉತ್ತರ ನಿಮ್ಮ ಬಚ್ಚಲಲ್ಲಿ ಈಗ ಏನಿದೆ ಅನ್ನೋದರ ಮೇಲಿದೆ. ಕರೆಂಟ್ ಗೀಸರ್ ಇದ್ದರೆ ಕಣ್ಣು ಮುಚ್ಚಿಕೊಂಡು ಬದಲಾಯಿಸಿ. ಗ್ಯಾಸ್ ಗೀಸರ್ ಆದರೆ, ಬರೀ ಕಾರ್ಬನ್ ಲೆಕ್ಕಕ್ಕೆ, ಅಂಥ ಲಾಭವೇನೂ ಇಲ್ಲ.

ಇಂಗ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ಕೀಳಿಸಿ ಹೀಟ್ ಪಂಪ್ ಹಾಕಿಸಿದರೆ ಸರ್ಕಾರವೇ 7,500 ಪೌಂಡ್ ಕೊಡುತ್ತದೆ, ನಾವು ಯಾಕೆ ಮಾಡಬಾರದು ಅಂತ ಕೇಳಿದ್ದೀರಿ. ಅಲ್ಲಿ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್‌ನಲ್ಲೇ ಮುಚ್ಚಿತು. ನಮ್ಮ ಕರೆಂಟ್ ಇನ್ನೂ ಹೆಚ್ಚಾಗಿ ಕಲ್ಲಿದ್ದಲಿಂದಲೇ ಬರುತ್ತದೆ, ಒಂದು ಯುನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ವ್ಯತ್ಯಾಸ ಇರೋದೇ ಇಲ್ಲಿ.

ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಿ ಅಂತಿಟ್ಟುಕೊಳ್ಳಿ. ಕರೆಂಟ್ ಗೀಸರ್‌ಗೆ ಹತ್ತಿರ ಹತ್ತಿರ 3 ಯುನಿಟ್, ಅಂದರೆ 2 ಕೆಜಿ ಕಾರ್ಬನ್ ಡೈಆಕ್ಸೈಡ್. ಹೀಟ್ ಪಂಪ್ ಅನ್ನೋದು ಉಲ್ಟಾ ಫ್ರಿಜ್ ಇದ್ದ ಹಾಗೆ, ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ತುಂಬುತ್ತದೆ, ಹಾಗಾಗಿ 1 ಯುನಿಟ್ ಸಾಕು, 0.7 ಕೆಜಿ. ಅದೇ ನೀರನ್ನು ಎಲ್‌ಪಿಜಿ ಗೀಸರ್‌ನಲ್ಲಿ ಕಾಯಿಸಿದರೆ 0.85 ಕೆಜಿ ಆಸುಪಾಸು. ಪೈಪ್ ಗ್ಯಾಸ್ ಆದರೆ ಇನ್ನೂ ಸ್ವಲ್ಪ ಕಡಿಮೆ, ಹೀಟ್ ಪಂಪಿಗೆ ಸಮ ಸಮ. ಆದರೆ ಗ್ರಿಡ್ಡಿಗೆ (ಮನೆಮನೆಗೆ ಕರೆಂಟ್ ತರುವ ಜಾಲಕ್ಕೆ) ಸೋಲಾರ್, ಗಾಳಿ ವಿದ್ಯುತ್ ಸೇರಿದಷ್ಟೂ ಹೀಟ್ ಪಂಪಿನ ಲೆಕ್ಕ ತಾನಾಗಿಯೇ ಇಳಿಯುತ್ತದೆ, ಗ್ಯಾಸಿನದು ಇದ್ದಲ್ಲೇ ಇರುತ್ತದೆ.

ನಮ್ಮ ಮನೆಯಲ್ಲಿ ಕರೆಂಟ್ ಗೀಸರ್ ಇತ್ತು, ತೆಗೆದು ಹೀಟ್ ಪಂಪನ್ನು ಡ್ರೈ ಬಾಲ್ಕನಿಯಲ್ಲಿ (ಬಟ್ಟೆ ಒಗೆದು ಒಣಗಿಸೋ ಬಾಲ್ಕನಿ) ಇಟ್ಟಿದ್ದೇವೆ. ವಾಷಿಂಗ್ ಮಷಿನ್ ಪಕ್ಕ ಆಳೆತ್ತರದ ಟ್ಯಾಂಕ್, ಮೇಲೆ ಫ್ಯಾನ್. ಓಡುವಾಗ ತಣ್ಣನೆ ಗಾಳಿ ಬಿಡುತ್ತದೆ, ಮಳೆಗಾಲದಲ್ಲಂತೂ ಕೆಳಗಿನ ಪೈಪಿಂದ ತೊಟತೊಟ ನೀರು, ಬಕೆಟ್ ಇಟ್ಟು ಗಿಡಕ್ಕೆ ಹಾಕುತ್ತೇವೆ. ಸದ್ದು ಕಿಟಕಿ ಎಸಿಯಷ್ಟಿಲ್ಲ. ಆದರೆ ಸ್ವಿಚ್ ಹಾಕಿದ ತಕ್ಷಣ ಬಿಸಿನೀರು ಬರಲ್ಲ, ಕಾಯೋಕೆ ಗಂಟೆಗಟ್ಟಲೆ ಬೇಕು. ನಾವು ಮಧ್ಯಾಹ್ನ ಓಡಿಸುತ್ತೇವೆ. ಆಗ ಗಾಳಿಯೂ ಬೆಚ್ಚಗಿರುತ್ತೆ, ಗ್ರಿಡ್ಡಿನಲ್ಲಿ ಸೋಲಾರ್ ಕರೆಂಟೂ ಜಾಸ್ತಿ. ಬೆಳಗ್ಗೆವರೆಗೂ ಬಿಸಿ ಉಳಿಯುತ್ತದೆ.

ಹೀಟ್ ಪಂಪ್ ಕೊಳ್ಳುವಾಗ, ಫ್ರಿಜ್ಜಿನಲ್ಲಿರುವ ಹಾಗೆ ಅದರೊಳಗೆ ಸುತ್ತುತ್ತಾ ಬಿಸಿ ಸಾಗಿಸೋ ಗ್ಯಾಸ್ ಯಾವುದು ಕೇಳಿ. ಆರ್-410ಎ ಅನ್ನೋ ಗ್ಯಾಸ್ ಸೋರಿದರೆ, ಭೂಮಿಯನ್ನು ಬಿಸಿ ಮಾಡೋದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಕೆಟ್ಟದ್ದು, ಸಿಕ್ಕರೆ ಆರ್-290 ತಗೊಳ್ಳಿ. ಇನ್ನು ಸೊಸೈಟಿಯ ಟೆರೇಸಲ್ಲಿ ನಿಮಗೆ ಜಾಗ ಕೊಡುತ್ತಾರಾದರೆ ಇದೆಲ್ಲ ಯಾಕೆ, ಸೋಲಾರ್ ವಾಟರ್ ಹೀಟರ್ ಹಾಕಿಸಿ.

ಹಾಗಂತ ಗ್ಯಾಸ್ ಗೀಸರ್ ಇರಲಿ ಬಿಡಿ ಅಂತಲ್ಲ. ಅದು ಬಚ್ಚಲ ಒಳಗೇ ಇದ್ದು, ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು. ಅಂಥದ್ದಿದ್ದರೆ ಹೀಟ್ ಪಂಪಿಗೆ ಕಾಯಬೇಡಿ, ಮೊದಲು ಅದನ್ನು ಹೊರಗೆ ಹಾಕಿಸಿ.