ದ್ರಾಕ್ಷಿ ಬಿಟ್ಟರೆ ಕೀವು ನಿಲ್ಲುವುದಿಲ್ಲ

ಲ್ಯಾಬ್ ರಿಪೋರ್ಟಿನ ಪದ ನೋಡುವುದು, ಅದರ ಅರ್ಥ ಹುಡುಕುವುದು, ಆ ಅರ್ಥದ ಮೇಲೆ ಪಥ್ಯ ಶುರು ಮಾಡುವುದು. ಇಂಥ ಪತ್ರಗಳು ಈಗೀಗ ಜಾಸ್ತಿಯಾಗಿವೆ. ಕಾಳು, ಹಣ್ಣು, ಬೀಜ, ನೂಲುಂಡೆ, ಕಲ್ಲುಹರಳು – ದುಂಡಗಿನ ವಸ್ತುಗಳಿಂದ ಬಂದ ಹೆಸರು ವೈದ್ಯಕೀಯದಲ್ಲಿ ಬೇಕಾದಷ್ಟಿವೆ. ಹೆಸರಿಟ್ಟವರು ಕಣ್ಣಿಗೆ ಕಂಡ ಆಕಾರ ಹೇಳಿದರು, ಅಷ್ಟೆ. ರೋಗಕ್ಕೆ ಕಾರಣವನ್ನೂ ಹೇಳಲಿಲ್ಲ, ಮದ್ದನ್ನೂ ಹೇಳಲಿಲ್ಲ. ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವು ಸಿಕ್ಕ ಜಾಗದಲ್ಲಿ ಹೊಂದಿಕೊಳ್ಳಲಿ.

ಪ್ರಶ್ನೆ: ಅಮ್ಮನ ಬೆನ್ನಿನ ಮೇಲೆ ಕುರು ಆಗಿತ್ತು. ಡಾಕ್ಟರು ಕೊಯ್ದು, ಕೀವನ್ನು ಕಲ್ಚರ್‌ಗೆ ಕಳಿಸಿದರು. ಮೊದಲು ‘ಗ್ರಾಂ ಪಾಸಿಟಿವ್ ಕಾಕೈ ಇನ್ ಕ್ಲಸ್ಟರ್ಸ್’ ಅಂತ ಬಂತು, ಆಮೇಲೆ ‘ಸ್ಟ್ಯಾಫಿಲೋಕಾಕಸ್ ಆರಿಯಸ್’ ಅಂತ. ಹುಡುಕಿದರೆ ಅದಕ್ಕೆ ದ್ರಾಕ್ಷಿ ಗೊಂಚಲು ಅಂತ ಅರ್ಥವಂತೆ. ಪರಿಚಯದ ನಾಟಿ ಔಷಧಿಯವರೊಬ್ಬರು ದ್ರಾಕ್ಷಿ, ಸಿಹಿ ಹಣ್ಣು ಎಲ್ಲ ಬಿಡಿಸಿ, ‘ಗೊಂಚಲು ಒಡೆಯುವ’ ಪುಡಿ ಕೊಟ್ಟಿದ್ದಾರೆ. ಡಾಕ್ಟರು ಕೊಟ್ಟ ಮಾತ್ರೆಯ ಜೊತೆ ಅದನ್ನೂ ತಗೋಬಹುದಾ?

ಪುಡಿ ಎಸೆಯಿರಿ. ಅಮ್ಮನಿಗೆ ಶುಗರ್ ಇಲ್ಲ ಅಂದರೆ ದ್ರಾಕ್ಷಿ ಆರಾಮಾಗಿ ತಿನ್ನಲಿ.

ಈ ಹೆಸರು ಬಂದದ್ದು ಕೀವಿನಿಂದ, ಹಣ್ಣಿನ ಬುಟ್ಟಿಯಿಂದ ಅಲ್ಲ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಸರ್ಜನ್ ಇದ್ದರು. ಕೀವು ಕಟ್ಟಿದರೆ ಗಾಯ ಮಾಯುತ್ತಿದೆ ಎಂದು ನಂಬುವವರು ಆ ಕಾಲದಲ್ಲೂ ಉಳಿದಿದ್ದರು. ಆಗ್‌ಸ್ಟನ್ ಕುರುವಿನ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ದುಂಡು ಜೀವಿಗಳು ಕಂಡವು, ಕೆಲವು ಸರದಂತೆ, ಕೆಲವು ಗುಂಪಾಗಿ. ಆ ಕೀವನ್ನು ಇಲಿ, ಗಿನಿಯಿಲಿಗಳಿಗೆ ಚುಚ್ಚಿದಾಗ ಅವಕ್ಕೂ ಕುರು ಎದ್ದಿತು. ಕೀವನ್ನು ಕಾಯಿಸಿ ಚುಚ್ಚಿದರೆ ಏಳಲಿಲ್ಲ. ಅಂದರೆ ಕೆಲಸ ಕೆಡಿಸಿದ್ದು ಆ ಜೀವಿಗಳೇ. ಸರದ ಜಾತಿಗೆ ಬಿಲ್‌ರಾತ್ ಎಂಬ ಇನ್ನೊಬ್ಬ ಸರ್ಜನ್ 1874ರಲ್ಲೇ ಸ್ಟ್ರೆಪ್ಟೋಕಾಕಸ್ ಎಂದು ಹೆಸರಿಟ್ಟಿದ್ದರು. ಗುಂಪಿನ ಜಾತಿಗೆ ಆಗ್‌ಸ್ಟನ್ 1882ರಲ್ಲಿ ಗ್ರೀಕಿನಿಂದ ದ್ರಾಕ್ಷಿ ಗೊಂಚಲಿನ ಪದ ತೆಗೆದು ಸ್ಟ್ಯಾಫಿಲೋಕಾಕಸ್ ಎಂದರು. ಕಾಕಸ್ ಅಂದರೆ ಕಾಳು. ಎರಡು ವರ್ಷದ ನಂತರ ರೋಸೆನ್‌ಬಾಖ್ ಎಂಬ ಜರ್ಮನ್ ವೈದ್ಯರು ಬಣ್ಣ ನೋಡಿ ಅದನ್ನು ಬೇರ್ಪಡಿಸಿದರು. ಹೊಂಬಣ್ಣದಲ್ಲಿ ಬೆಳೆಯುವುದೇ ಆರಿಯಸ್. ಅದರಲ್ಲಿ ಚಿನ್ನವೂ ಇಲ್ಲ, ದಯವಿಟ್ಟು ಅದನ್ನೂ ಕೇಳಬೇಡಿ.

ಗೊಂಚಲು ಏಕೆ ಆಗುತ್ತದೆ? ಈ ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಒಂದೇ ದಿಕ್ಕಿನಲ್ಲಿ ಸೀಳುವುದಿಲ್ಲ. ಒಮ್ಮೆ ಅಡ್ಡ, ಒಮ್ಮೆ ಉದ್ದ. ಸೀಳಿದ ಮೇಲೂ ಅಂಟಿಕೊಂಡೇ ಇರುತ್ತದೆ. ಸ್ಟ್ರೆಪ್ಟೋಕಾಕಸ್ ಒಂದೇ ದಿಕ್ಕಿನಲ್ಲಿ ಸೀಳುತ್ತದೆ, ಹಾಗಾಗಿ ಸರ. ಒಂದೊಂದು ಕಾಳು ಸುಮಾರು 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಗೊಂಚಲನ್ನು ಪುಡಿಯಿಂದ ‘ಒಡೆದರೆ’ ಬಿಡಿ ಕಾಳುಗಳು ಉಳಿಯುತ್ತವೆ, ಸಾಯುವುದಿಲ್ಲ. ಪುಡಿ ಮಾರುವವರು ಇಷ್ಟಾದರೂ ಯೋಚಿಸಬಾರದಾ?

ನೀವು ಗಮನ ಕೊಡಬೇಕಾದದ್ದು ಬೇರೆಯೇ ಇದೆ. ಗ್ರಾಂ ಪಾಸಿಟಿವ್ ಅಂದರೆ ಬ್ಯಾಕ್ಟೀರಿಯಾದ ದಪ್ಪ ಗೋಡೆ ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಂಡಿದೆ ಅಂತ. ಈ ಸಾಲು ಬೇಗ ಕೈಗೆ ಬರುತ್ತದೆ, ಯಾವ ಮಾತ್ರೆ ಶುರು ಮಾಡಬೇಕು ಎಂದು ಡಾಕ್ಟರಿಗೆ ಒಂದು ಅಂದಾಜು ಸಿಗುತ್ತದೆ. ಆದರೆ ಗೊಂಚಲು ಕಂಡ ಮಾತ್ರಕ್ಕೆ ಆರಿಯಸ್ ಅನ್ನಲಾಗದು. ಚರ್ಮದ ಮೇಲೆ ಸುಮ್ನೆ ಬಿದ್ದಿರುವ ಅದರ ದಾಯಾದಿಗಳೂ ಹಾಗೇ ಕಾಣುತ್ತವೆ. ಅದಕ್ಕೇ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾವನ್ನು ಒಂದಿಷ್ಟು ಪ್ಲಾಸ್ಮಾದಲ್ಲಿ (ರಕ್ತದ ಕಣಗಳನ್ನು ತೆಗೆದು ಉಳಿದ ದ್ರವದಲ್ಲಿ) ಬೆರೆಸಿ ಬೆಚ್ಚಗಿಡುತ್ತೇವೆ. ಕೆಲವು ಗಂಟೆ ಬಿಟ್ಟು ಟ್ಯೂಬನ್ನು ವಾಲಿಸಿದಾಗ ಪ್ಲಾಸ್ಮಾ ಹರಿಯದೆ ಹೆಪ್ಪಾಗಿ ನಿಂತಿದ್ದರೆ ಅದು ಆರಿಯಸ್. ಹರಿದರೆ ಸಾಮಾನ್ಯವಾಗಿ ಬೇರೆ ಜಾತಿ.

ರಿಪೋರ್ಟಿನ ಕೆಳಗೆ ಔಷಧಿಗಳ ಹೆಸರು, ಪಕ್ಕದಲ್ಲಿ ಎಸ್ ಅಥವಾ ಆರ್ ಅಂತ ಇರುತ್ತದೆ, ನೋಡಿ. ಎಸ್ ಅಂದರೆ ಆ ಔಷಧಿ ಕೆಲಸ ಮಾಡುತ್ತದೆ, ಆರ್ ಅಂದರೆ ಮಾಡುವುದಿಲ್ಲ. ಸೆಫಾಕ್ಸಿಟಿನ್ ಅಥವಾ ಆಕ್ಸಾಸಿಲಿನ್ ಎದುರು ಆರ್ ಇದ್ದರೆ ಅದು ಎಮ್‌ಆರ್‌ಎಸ್‌ಎ, ಅಂದರೆ ಇಂಥ ಮಾಮೂಲಿ ಔಷಧಿಗಳಿಗೆ ಬಗ್ಗದ ಆರಿಯಸ್. ಆಗ ಮಾತ್ರೆ ಬದಲಿಸಬೇಕಾ ಎಂದು ಡಾಕ್ಟರನ್ನು ಅವತ್ತೇ ಕೇಳಿ. ನೀವು ಬರೆದ ಉದ್ದದ ಪತ್ರದಲ್ಲಿ ದ್ರಾಕ್ಷಿ ಇದೆ, ಪುಡಿ ಇದೆ, ಈ ಒಂದು ಸಾಲು ಮಾತ್ರ ಇಲ್ಲ!

ಇನ್ನು, ಇದು ಎಲ್ಲಿಂದ ಬಂತು? ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಆರಿಯಸ್ ಏನೂ ತೊಂದರೆ ಕೊಡದೆ ಇರುತ್ತದೆ. ಚರ್ಮದಲ್ಲಿ ಗೀರೋ ಗಾಯವೋ ಸಿಕ್ಕಾಗ ಒಳಗೆ ಇಳಿಯುತ್ತದೆ. ಕುರು ಪದೇ ಪದೇ ಆಗುತ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಟವೆಲ್, ರೇಜರ್ ಹಂಚಿಕೊಳ್ಳಬೇಡಿ. ಕೆಂಪು ಹರಡುತ್ತಿದ್ದರೆ, ಜ್ವರ, ಚಳಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪುಡಿಯ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ತಗೊಂಡರೆ ಊತ, ನೋವು ಇಳಿಯುತ್ತದೆ, ‘ಗುಣ ಆಯ್ತು’ ಅನ್ನಿಸುತ್ತದೆ. ಒಳಗೆ ಸೋಂಕು ಮಾತ್ರ ಹರಡುತ್ತಿರುತ್ತದೆ.

ಅಂದಹಾಗೆ, ಗಂಟಲಲ್ಲಿ ನೇತಾಡುವ ಕಿರುನಾಲಿಗೆಗೂ ದ್ರಾಕ್ಷಿಯದೇ ಹೆಸರು, ಯುವುಲಾ. ದ್ರಾಕ್ಷಿ ಬಿಟ್ಟವರ ಕಿರುನಾಲಿಗೆ ಉದುರಿದ್ದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ತಮ್ಮನಿಗೆ ‘ಮಿಲಿಯರಿ ಟಿಬಿ’ ಅಂದಿದ್ದಾರೆ. ಆ ಹೆಸರು ಸಿರಿಧಾನ್ಯದ್ದಂತೆ. ಅದನ್ನು ಜಾಸ್ತಿ ತಿಂದದ್ದಕ್ಕೆ ಬಂತಾ?

ಇಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ 1ರಿಂದ 2 ಮಿಲಿಮೀಟರಿನ ಚುಕ್ಕೆಗಳು, ಸಣ್ಣ ಧಾನ್ಯ ಚೆಲ್ಲಿದ ಹಾಗೆ. ಅದಕ್ಕೆ ಆ ಹೆಸರು. ಧಾನ್ಯದ ಚಿಂತೆ ಬಿಡಿ, ಕಾಯಿಲೆಯ ಚಿಂತೆ ಮಾಡಿ. ಟಿಬಿ ರಕ್ತದಲ್ಲಿ ಸೇರಿ ಮೈಯೆಲ್ಲ ಹರಡಿದೆ ಎಂದು ಇದರ ಅರ್ಥ. ಮಿದುಳಿನ ಪೊರೆಗೂ ಹೋಗಬಹುದು. ತಲೆನೋವು, ವಾಂತಿ, ಮಂಕು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಮಾತ್ರೆ ಕನಿಷ್ಠ 6 ತಿಂಗಳು. ತಿಂಗಳಲ್ಲಿ ಚೆನ್ನಾಗಿದ್ದಾನೆ ಅಂತ ನಿಲ್ಲಿಸಿದರೆ ಮುಂದೆ ಆ ಮಾತ್ರೆಗಳೇ ನಾಟದೆ ಹೋಗಬಹುದು.

ಪ್ರಶ್ನೆ: ಕಣ್ಣಿನ ರೆಪ್ಪೆಯಲ್ಲಿ ಗಂಟಾಗಿದೆ, ನೋವಿಲ್ಲ. ‘ಕಲೇಝಿಯಾನ್’ ಅಂದರು. ಆಲಿಕಲ್ಲು ಅಂತ ಅರ್ಥವಂತೆ. ಐಸ್ ಇಡಲಾ?

ಉಲ್ಟಾ. ಬಿಸಿ ಇಡಿ. ರೆಪ್ಪೆಯ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿ ಒಳಗಿನ ಜಿಡ್ಡು ಗಟ್ಟಿಯಾಗಿದೆ, ಅದು ಕರಗಬೇಕು. ಬೆಚ್ಚಗಿನ ಒದ್ದೆ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ ಇಡಿ. ಕೆಲವು ವಾರ ಬೇಕಾಗಬಹುದು. ಹಿಂಡಬೇಡಿ. ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ತುಣುಕು ತೆಗೆದು ಪರೀಕ್ಷಿಸಲೇಬೇಕು. ಗ್ರಂಥಿಯ ಕ್ಯಾನ್ಸರ್ ಅಪರೂಪ, ಆದರೆ ಇದೇ ವೇಷದಲ್ಲಿ ಬರುತ್ತದೆ.

ಪ್ರಶ್ನೆ: ಲೆನ್ಸ್ ಅನ್ನುವ ಹೆಸರು ಬೇಳೆಕಾಳಿನದಂತೆ. ಆ ಕಾಳು ತಿಂದರೆ, ಡ್ರಾಪ್ಸ್ ಹಾಕಿದರೆ ಕಣ್ಣಿನ ಪೊರೆ ಕರಗುತ್ತದಾ?

ಕಾಳಿನಿಂದಲೂ ಇಲ್ಲ, ಡ್ರಾಪ್ಸ್‌ನಿಂದಲೂ ಇಲ್ಲ. ಪೊರೆಗೆ ಆಪರೇಷನ್ ಒಂದೇ ದಾರಿ.

ಪ್ರಶ್ನೆ: ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗವಾದ ಅಮಿಗ್ಡಲಾ ಬಾದಾಮಿ ಆಕಾರದ್ದು. ಹಾಗಾದರೆ ಬಾದಾಮಿ ತಿಂದರೆ ಭಯ ಕಡಿಮೆಯಾಗುತ್ತದಾ?

ಹಸಿವು ಕಡಿಮೆಯಾಗುತ್ತದೆ.

ಪ್ರಶ್ನೆ: ನ್ಯೂಕ್ಲಿಯಸ್ ಅಂದರೆ ತಿರುಳು. ಈ ಪದವನ್ನು ಜೀವಶಾಸ್ತ್ರ ಭೌತಶಾಸ್ತ್ರದಿಂದ ತಗೊಂಡಿತಾ? ನಮ್ಮ ಕ್ಲಾಸಿನಲ್ಲಿ ಜಗಳ ನಡೆದಿದೆ.

ಇಂಥ ಪ್ರಶ್ನೆ ಜಾಸ್ತಿ ಬರಲಿ. ಜೀವಕೋಶದ್ದೇ ಮೊದಲು. ರಾಬರ್ಟ್ ಬ್ರೌನ್ 1831ರಲ್ಲಿ ಆರ್ಕಿಡ್ ಗಿಡದ ಕೋಶಗಳಲ್ಲಿ ನೋಡಿ ಆ ಪದ ಬಳಸಿದರು. ರುದರ್‌ಫರ್ಡ್ ಪರಮಾಣುವಿನ ನಡುವೆ ಗಟ್ಟಿ ಭಾಗವಿದೆ ಎಂದು ತೋರಿಸಿದ್ದು 1911ರಲ್ಲಿ.

ಪ್ರಶ್ನೆ: ಕ್ಯಾಲ್ಕುಲಸ್ ಅಂದರೆ ಸಣ್ಣ ಕಲ್ಲು. ಹಲ್ಲಿನ ಡಾಕ್ಟರು ನನಗೆ ಕ್ಯಾಲ್ಕುಲಸ್ ಇದೆ ಅಂದರು. ಕಿಡ್ನಿ ಸ್ಕ್ಯಾನ್ ಮಾಡಿಸಲಾ?

ಬೇಡ. ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ.